ಅಂಚೆಯಲ್ಲಿ ಬಾರದ ಮೂರನೆಯ ಅಂಕ

ದಕ್ಷಿಣ ಆಫ್ರಿಕಾದ ಡೋರಿಂಗ್‌ಫ್ಲೇ ಊರಿನ ಅಂಚೆ ಕಚೇರಿಯಲ್ಲಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಕೂತಿದ್ದ ಅಲೆಟ್ಟಾ ಫೂಶೇ ತನ್ನ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಳು. ಅದನ್ನೂ ಟೆಲಿಫೋನಿನಲ್ಲೇ ಹೇಳಿದಳು, ಹದಿನಾಲ್ಕು ಮನೆಯವರು ಕಿವಿಗೊಟ್ಟು ಕೇಳುತ್ತಿದ್ದಾಗ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕಷ್ಟವೇ ಇದು, ಎಲ್ಲಿ ಹೇಳಬೇಕು ಎಷ್ಟು ಹೇಳಬೇಕು ಎಂಬ ಅಂದಾಜು ಇರುವುದಿಲ್ಲ. ಊರಿನ ಉಳಿದವರೆಲ್ಲ ದಿನಕ್ಕೆ ನಾಲ್ಕು ಹೇಳಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರೆ, ಇವಳು ಆ ಒಂದನ್ನು ಇಪ್ಪತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು.

ಸುಳ್ಳು ಒಂದು ಫ್ರೆಂಚ್ ನಾಟಕದ್ದು. ನಮ್ಮೂರಲ್ಲಿ ಅರ್ಧ ಜನರ ಮನೆತನದ ಹೆಸರು ಫ್ರೆಂಚು. ಮುನ್ನೂರು ವರ್ಷದ ಹಿಂದೆ ಧರ್ಮದ ಗಲಾಟೆಯಲ್ಲಿ ಹಡಗು ಹತ್ತಿ ಬಂದ ಪೂರ್ವಿಕರು ಹೆಸರೊಂದನ್ನು ಬಿಟ್ಟು ಉಳಿದ ಫ್ರೆಂಚನ್ನೆಲ್ಲ ಎರಡೇ ತಲೆಮಾರಿನಲ್ಲಿ ಕಳೆದುಕೊಂಡರು. ಜಂಬ ಮಾತ್ರ ಕಳೆಯಲಿಲ್ಲ. ಕುರಿಗಳ ಉಣ್ಣೆ ಕತ್ತರಿಸುತ್ತ ಮೈಯೆಲ್ಲ ಜಿಡ್ಡಾಗಿ ನಿಂತ ಊಮ್ ಸಾರೆಲ್ (ಊಮ್ ಎಂದರೆ ದೊಡ್ಡಪ್ಪ) ಕೂಡ, ಸಾಸೇಜು ರುಚಿಯಾಗಿದ್ದರೆ, "ಇದನ್ನ ಕಂಡುಹಿಡಿಯೋಕೆ ನಮ್ಮಂಥ ಫ್ರೆಂಚ್ ನಾಲಿಗೆನೇ ಬೇಕು ಕಣ್ರಯ್ಯ" ಎನ್ನುತ್ತಿದ್ದ. ಹಾಗಾಗಿ ೧೯೪೩ರಲ್ಲಿ ಶಾಲೆಯ ಗಿಡಿಯನ್ ದುಪ್ರೇ ಮೇಷ್ಟ್ರು, ನಾನೊಂದು ಹಳೆಯ ಫ್ರೆಂಚ್ ಪ್ರಹಸನವನ್ನು ನಮ್ಮ ಆಫ್ರಿಕಾನ್ಸ್ ಭಾಷೆಗೆ ತರುತ್ತಿದ್ದೇನೆ, ಶಾಲೆಗೆ ಪಿಯಾನೋ ಕೊಳ್ಳುವ ಹಣಕ್ಕಾಗಿ ಊರವರೇ ಅದನ್ನು ಆಡಬೇಕು ಎಂದಾಗ, ಕಳೆದುಹೋದ ಒಡವೆ ಮನೆಗೆ ವಾಪಸು ಬಂದಷ್ಟು ಸಂಭ್ರಮವಾಯಿತು.

ನಾಟಕದ ಹೆಸರು 'ನೋಟರಿಯ ವಿಗ್ಗು'. ಪ್ಯಾರಿಸಿನ ರೇಷ್ಮೆ ವ್ಯಾಪಾರಿಯೊಬ್ಬ ಮಗಳನ್ನು ಬೋಳುತಲೆಯ ನೋಟರಿಗೆ ಕಟ್ಟಲು ಹೊರಡುತ್ತಾನೆ. ಮಗಳ ಮನಸ್ಸು ಪಿಟೀಲು ನುಡಿಸುವ ಹುಡುಗನ ಮೇಲೆ. ಫಾನೆಟ್ ಎಂಬ ಮನೆಗೆಲಸದವಳು ಎಲ್ಲರನ್ನೂ ಕುಣಿಸುತ್ತಾಳೆ. ಚರ್ಚಿನ ಹಿರಿಯರ ಸಭೆ ಪೆನ್ಸಿಲು ಹಿಡಿದು ಓದಿ ಏಳು ಮುತ್ತುಗಳನ್ನು ಹೊಡೆದುಹಾಕಿ, ಆ ಜಾಗದಲ್ಲೆಲ್ಲ 'ಕೈ ಕುಲುಕುತ್ತಾರೆ' ಎಂದು ಬರೆಯಿತು. ಕೊನೆಗೆ ಪ್ರೇಮಿಗಳಿಬ್ಬರೂ ಕುರಿ ವ್ಯಾಪಾರ ಕುದುರಿಸಿದವರ ಹಾಗೆ ನಾಟಕದುದ್ದಕ್ಕೂ ಕೈ ಕುಲುಕುತ್ತಲೇ ಇದ್ದರು.

ತೊಂದರೆ ಬೇರೆಯೇ ಇತ್ತು. ಯುದ್ಧದ ಕಾಲ, ಪೆಟ್ರೋಲಿಗೆ ಚೀಟಿ. ವ್ಯಾಪಾರಿಯಾಗಿದ್ದ ಊಮ್ ಸಾರೆಲ್‌ನ ತೋಟ ಊರಿನಿಂದ ಮೂವತ್ತು ಮೈಲಿ. ಫಾನೆಟ್ ಆಗಿದ್ದ ಡ್ರೀನಾಳದು ಅದಕ್ಕೂ ಹತ್ತು ಮೈಲಿ ಆಚೆ. ಅಭ್ಯಾಸಕ್ಕೆ ಬರುವುದು ಹೇಗೆ? ದಾರಿ ಹೊಳೆದದ್ದು ಅಲೆಟ್ಟಾಳಿಗೆ. ತೋಟಗಳಿಗೆಲ್ಲ ಒಂದೇ ಟೆಲಿಫೋನ್ ತಂತಿ, ಹದಿನಾಲ್ಕು ಮನೆಗಳಿಗೆ ಒಂದೇ ಲೈನು. ಎರಡು ಉದ್ದ ಒಂದು ಗಿಡ್ಡ ಗಂಟೆಯಾದರೆ ಸಾರೆಲ್‌ಗೆ, ಮೂರು ಗಿಡ್ಡವಾದರೆ ಡ್ರೀನಾಗೆ. ಯಾರಿಗೆ ಗಂಟೆಯಾದರೂ ಹದಿನಾಲ್ಕು ಮನೆಯವರೂ ಎತ್ತಿ ಕೇಳುವುದು ಹುಟ್ಟುಗುಣ. ಎಲ್ಲರನ್ನೂ ಒಟ್ಟಿಗೆ ಜೋಡಿಸಿ, ಮೇಷ್ಟ್ರು ಬರೆದ ಹಾಳೆಗಳನ್ನು ಎದುರಿಟ್ಟುಕೊಂಡು, ಅಲೆಟ್ಟಾ ಒಂದೊಂದು ಮಾತನ್ನೂ ಓದಿ ಹೇಳಿಕೊಟ್ಟಳು. ದಿನಾ ಮಧ್ಯಾಹ್ನ ಎರಡರಿಂದ ಮೂರು, ಲೈನು ಬಿಡುವಾಗಿರುವ ಹೊತ್ತು.

ಬಿಡುವೆಂದರೆ ಹೆಸರಿಗಷ್ಟೆ. ಕೇಳುವವರು ಹೆಚ್ಚಿದಷ್ಟೂ ತಂತಿಯಲ್ಲಿ ದನಿ ಇಳಿಯುತ್ತದೆ. ಆಗ ಅಲೆಟ್ಟಾ ಹೇಳುತ್ತಿದ್ದಳು: "ನಾಟಕದಲ್ಲಿ ಇಲ್ದೋರು ದಯವಿಟ್ಟು ಇಟ್ಬಿಡಿ. ಊಮ್ ಸಾರೆಲ್‌ಗೆ ಏನೂ ಕೇಳಿಸ್ತಿಲ್ಲ."

ಟಕ್, ಟಕ್, ಟಕ್ ಎಂದು ಒಂಬತ್ತು ಸಲ ಸದ್ದಾಗುತ್ತಿತ್ತು. ಒಂದು ನಿಮಿಷ ಬಿಟ್ಟು, ಕಳ್ಳಬೆಕ್ಕು ಅಡುಗೆಮನೆಗೆ ಬರುವಷ್ಟು ಮೆಲ್ಲಗೆ, ಒಂಬತ್ತೂ ಮತ್ತೆ ಎತ್ತಿಕೊಳ್ಳುತ್ತಿದ್ದವು. ಯಾರದೋ ಗಡಿಯಾರ, ಯಾರದೋ ಕೋಳಿ, ಯಾರದೋ ಕೆಮ್ಮು ಕೇಳಿಸುತ್ತಿತ್ತು.

ಎಕ್ಸ್‌ಚೇಂಜಿನಲ್ಲಿ ಆರು ವರ್ಷದಿಂದ ಅಲೆಟ್ಟಾಳೊಂದಿಗೆ ಜನ ಆಡಿದ್ದು ಎರಡೇ ಮಾತು, ನಂಬರು ಮತ್ತು "ಬೇಗ ಕೊಡಮ್ಮಾ". ಈಗ ಹದಿನಾಲ್ಕು ಮನೆ ಅವಳ ದನಿಗಾಗಿ ಕಾಯುತ್ತಿದ್ದವು. ಹುಡುಗಿಗೆ ಇಪ್ಪತ್ತೊಂಬತ್ತು ವರ್ಷ, ಹೆಣ್ಣು ಕೇಳಿಕೊಂಡು ಬಂದವರಿರಲಿಲ್ಲ, ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಆ ವಯಸ್ಸು ಮುಗಿಯುತ್ತಿತ್ತು. ಆ ವಾರಗಳಲ್ಲಿ ಅವಳಿಗಾದಷ್ಟು ಖುಷಿ ಹಿಂದೆಂದೂ ಆಗಿರಲಿಲ್ಲ.

ಎರಡು ಅಂಕ ಮುಗಿದಾಗ ಮೇಷ್ಟ್ರಿಗೆ ಕೇಪ್‌ಟೌನಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಫ್ರೆಂಚ್ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು, "ಮೂರನೇ ಅಂಕ ಮುಂದಿನ ವಾರ ಅಂಚೇಲಿ ಕಳಿಸ್ತೀನಿ" ಎಂದು ಹೇಳಿ ರೈಲು ಹತ್ತಿದರು. ಮುಂದಿನ ವಾರ ಬಂತು, ಅದರ ಮುಂದಿನದೂ ಬಂತು, ಅಂಕ ಬರಲಿಲ್ಲ. ಊರ ತುಂಬ ಭಿತ್ತಿಪತ್ರ ಅಂಟಿಸಿ ಆಗಿತ್ತು.

ಆ ಮಧ್ಯಾಹ್ನ ಎಲ್ಲರೂ ಲೈನಿಗೆ ಬಂದರು.

"ಅಲೆಟ್ಟಾ, ಮೂರನೇ ಅಂಕ ಬಂತೇನಮ್ಮಾ?" ಎಂದ ಊಮ್ ಸಾರೆಲ್. "ನನ್ನ ಮಗಳ ಮದುವೆ ಯಾರ ಜೊತೆ ಆಗುತ್ತೆ ಅಂತ ನಂಗೇ ಗೊತ್ತಿಲ್ಲ. ಉಣ್ಣೆ ಕತ್ತರಿಸ್ತಾ ಇದೇ ಯೋಚ್ನೆ, ನಿನ್ನೆ ಒಂದು ಕುರಿ ಕಿವಿ ಕುಯ್ದುಬಿಟ್ಟೆ."

"ಬರದಿದ್ರೆ ಬಿಟ್ಟಾಕೋಣ ಅಂತಿದ್ದಾರೆ ಡೊಮಿನಿ," ಎಂದಳು ಡ್ರೀನಾ. ಡೊಮಿನಿ ಎಂದರೆ ನಮ್ಮ ಚರ್ಚಿನ ಪಾದ್ರಿ. "ನಾಟಕದ ಬದಲು ಮಿಷನ್ ಸೇವೆ ಬಗ್ಗೆ ಮೂರು ಗಂಟೆ ಭಾಷಣ ಇಡಿಸ್ತಾರಂತೆ. ಚಿತ್ರಾನೂ ತೋರಿಸ್ತಾರಂತೆ."

ಲೈನಿನಲ್ಲಿ ಒಂಬತ್ತು ಮಂದಿ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ನಾಟಕ ನಿಂತರೆ ನಾಳೆಯಿಂದ ಮತ್ತೆ ನಂಬರು, ಮತ್ತೆ "ಬೇಗ ಕೊಡಮ್ಮಾ". ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು:

"ಬಂತು ಊಮ್. ಇವತ್ತಿನ ಅಂಚೇಲೇ ಬಂತು."

ಅಂಚೆ ಕಚೇರಿಯ ನೌಕರಿಯವಳು ಬಾರದ ಅಂಚೆಯನ್ನು ಬಂತು ಎಂದಳು! ಅವಳ ಲೆಕ್ಕದಲ್ಲಿ ಇದು ಬೈಬಲ್ ಮುಟ್ಟಿ ಸುಳ್ಳು ಹೇಳಿದ್ದಕ್ಕಿಂತ ಒಂದು ಕೈ ಮೇಲು.

"ಹಾಗಾದ್ರೆ ಓದಮ್ಮಾ!" ಎಂದಿತು ಹದಿನಾಲ್ಕು ಮನೆ.

ಅಲೆಟ್ಟಾ ಖಾಲಿ ತಂತಿ ಫಾರಮ್ಮುಗಳ ಕಟ್ಟನ್ನು ಎದುರಿಗೆ ಹಿಡಿದು ಓದತೊಡಗಿದಳು. ನೆಲ ಒರೆಸುತ್ತಿದ್ದ ರಾಖೆಲ್ ಕೋಲು ನಿಲ್ಲಿಸಿ ನೋಡಿದಳು. ರಾಖೆಲ್ ಊರಾಚೆಯ ಕಂದುಬಣ್ಣದವರ ಕೇರಿಯವಳು, ಅಂಚೆ ಕಚೇರಿಯ ಕಸಗುಡಿಸುವ ಕೆಲಸ, ಅಲೆಟ್ಟಾಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಖಾಲಿ ಕಾಗದ ನೋಡಿಕೊಂಡು ಒಬ್ಬರು ಅಷ್ಟು ಸರಾಗವಾಗಿ ಓದುವುದನ್ನು ಅವಳು ಅದೇ ಮೊದಲು ಕಂಡದ್ದು.

ಮೊದಲ ಹತ್ತು ನಿಮಿಷ ಹೇಗೋ ಸಾಗಿತು. ನೋಟರಿ ಬಂದ, ವಿಗ್ಗು ಬಿತ್ತು, ಹುಡುಗ ಪಿಟೀಲಿನೊಂದಿಗೆ ಬೀರುವಿನೊಳಗೆ ಅಡಗಿದ. ವ್ಯಾಪಾರಿ, ಮಗಳು, ನೋಟರಿ, ಮೂವರೂ ಮೂರು ಕೋಣೆಯಿಂದ ಗಂಟೆ ಹೊಡೆದು ಫಾನೆಟ್‌ಳನ್ನು ಕರೆದರು. ಅಲ್ಲಿಗೆ ಅಲೆಟ್ಟಾಳ ತಲೆ ಖಾಲಿ. ಫಾನೆಟ್ ಏನು ಹೇಳುತ್ತಾಳೆ?

ಕಣ್ಣು ರಾಖೆಲ್ ಮೇಲೆ ಬಿತ್ತು. ಅದೇ ಬೆಳಿಗ್ಗೆ ರಾಖೆಲ್ ಹಿಂದಿನ ಮೆಟ್ಟಿಲ ಮೇಲೆ ರಸ್ಕು ಅದ್ದಿಕೊಂಡು ಕಾಫಿ ಕುಡಿಯುತ್ತಿದ್ದಾಗ, ಪೋಸ್ಟ್‌ಮಾಸ್ಟರು ಒಳಗಿನಿಂದ ಮೂರು ಸಲ ಕೂಗಿದ್ದರು. ರಾಖೆಲ್ ಕೂತಲ್ಲಿಂದಲೇ, ಅವರಿಗೆ ಕೇಳಿಸದ ಹಾಗೆ ಆದರೆ ಅಲೆಟ್ಟಾಳಿಗೆ ಕೇಳಿಸುವ ಹಾಗೆ, ಒಂದು ಮಾತು ಹೇಳಿದ್ದಳು. ಅಲೆಟ್ಟಾ ಅದನ್ನೇ ಎತ್ತಿ ಫಾನೆಟ್‌ಳ ಬಾಯಲ್ಲಿಟ್ಟಳು.

"ಫಾನೆಟ್ ಯಜಮಾನನ ಕುರ್ಚಿ ಮೇಲೆ ಕೂತ್ಕೋತಾಳೆ. ರಸ್ಕು ಕಾಫೀಲಿ ಅದ್ದುತಾಳೆ. ಹೇಳ್ತಾಳೆ: ಮೊದ್ಲು ನನ್ನ ಕಾಫಿ ಮುಗೀಲಿ. ಆಮೇಲೆ ಬೇಕಾದ್ರೆ ಪ್ರಳಯ ಆಗ್ಲಿ."

ಹದಿನಾಲ್ಕು ಮನೆ ಒಟ್ಟಿಗೆ ನಕ್ಕವು. ಎಕ್ಸ್‌ಚೇಂಜಿನ ಹಲಗೆಯ ಮೇಲೆ ಕರೆ ಬಂದದ್ದು ತೋರಿಸುವ ಪುಟ್ಟ ಮುಚ್ಚಳಗಳೆಲ್ಲ ಪಟಪಟ ಬಿದ್ದವು.

"ಆಹಾ, ಇದಕ್ಕೇ ಅನ್ನೋದು ಫ್ರೆಂಚರ ಬುದ್ಧಿ ಅಂತ!" ಎಂದ ಊಮ್ ಸಾರೆಲ್, ಕಣ್ಣೊರೆಸಿಕೊಳ್ಳುತ್ತ. "ನಮ್ಮೋರಿಗೆ ಇಂಥ ಮಾತು ಸಾವಿರ ವರ್ಷ ಆದ್ರೂ ಹೊಳೆಯಲ್ಲ."

ಪ್ಯಾರಿಸಿನ ಕೆಲಸದವಳಿಗೆ ನಮ್ಮ ಮನೆಗಳ ಒಣ ರಸ್ಕು ಎಲ್ಲಿಂದ ಸಿಕ್ಕಿತು ಎಂದು ಹದಿನಾಲ್ಕು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಕಾಫಿಗೆ ರಸ್ಕು ಅದ್ದದೆ ತಿನ್ನುವ ಜನ ಲೋಕದಲ್ಲಿ ಇದ್ದಾರೆಂದೇ ನಮ್ಮೂರವರು ನಂಬುತ್ತಿರಲಿಲ್ಲ.

ಅಭ್ಯಾಸ ಮುಗಿದ ಮೇಲೆ ಅಲೆಟ್ಟಾ ತಲೆ ತಗ್ಗಿಸಿ ಕೂತಳು.

"ಆ ಫ್ರೆಂಚ್ ಹುಡುಗಿ ಚೆನ್ನಾಗಿ ಮಾತಾಡ್ತಾಳೆ, ಮಿಸ್," ಎಂದಳು ರಾಖೆಲ್ ಬಕೆಟ್ ಎತ್ತಿಕೊಳ್ಳುತ್ತ.

"ರಾಖೆಲ್, ಯಾರ ಹತ್ರಾನೂ..."

"ನಂಗೇನು ಗೊತ್ತು ಮಿಸ್. ನಂಗೆ ಓದೋಕೆ ಬರಲ್ವಲ್ಲ. ಆ ಹಾಳೇಲಿ ಏನೇನು ಬರ್ದಿತ್ತೋ."

ರಾಖೆಲ್‌ಗೆ ಓದಲು ಚೆನ್ನಾಗಿಯೇ ಬರುತ್ತಿತ್ತು. ತಮ್ಮ ಚರ್ಚಿನಲ್ಲಿ ಭಾನುವಾರದ ಪಾಠ ಓದುವವಳೇ ಅವಳು.

ನಾಟಕದ ದಿನ ಟೌನ್‌ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲೆಟ್ಟಾ ಪರದೆಯ ಪಕ್ಕ, ಮಾತು ಮರೆತವರಿಗೆ ಪಿಸುಗುಟ್ಟಲು, ಹಾಳೆ ಹಿಡಿದು ಕೂತಿದ್ದಳು. ಎರಡನೇ ಅಂಕದಲ್ಲಿ ಊಮ್ ಸಾರೆಲ್ ಬಾಯಿ ತೆರೆದು ಹಾಗೇ ನಿಂತ. ಅಲೆಟ್ಟಾ ಉಸಿರೆಳೆದುಕೊಳ್ಳುವಷ್ಟರಲ್ಲಿ ಇನ್ನೂರು ಜನ ಒಕ್ಕೊರಲಿನಿಂದ ಅವನ ಮಾತನ್ನು ಅವನಿಗೆ ಹೇಳಿದರು. ಆರು ವಾರ ಕದ್ದು ಕೇಳಿ ಊರಿಗೆಲ್ಲ ಹಂಚಿದ್ದರಲ್ಲ, ಎಲ್ಲರಿಗೂ ಬಾಯಿಪಾಠ. "ಗೊತ್ತು ಗೊತ್ತು, ಅವಸರ ಮಾಡ್ಬೇಡಿ" ಎಂದು ಊಮ್ ಸಾರೆಲ್ ಸಭೆಗೇ ಗದರಿದ. ಕಿಟಕಿಯ ಹೊರಗೂ ಜನವಿದ್ದರು. ಅಂದಿನ ಕಟ್ಟಳೆಯಲ್ಲಿ ರಾಖೆಲ್‌ಳ ಕೇರಿಯವರು ಆ ಹಾಲಿನೊಳಗೆ ಬರುವಂತಿರಲಿಲ್ಲ, ಕೈಯಲ್ಲಿ ಪೊರಕೆಯೋ ಕಾಫಿ ತಟ್ಟೆಯೋ ಇದ್ದರೆ ಮಾತ್ರ ಬರಬಹುದಿತ್ತು. ಅವರು ಹೊರಗೇ ನಿಂತು, ಒಳಗಿನವರಿಗಿಂತ ಅರ್ಧ ಕ್ಷಣ ಮೊದಲೇ ನಗುತ್ತಿದ್ದರು.

ಕಾಫಿಯ ಮಾತಿಗೆ ಹಾಲಿನ ತಗಡು ಛಾವಣಿ ನಡುಗಿತು. ಡೊಮಿನಿಗೂ ಅದು ಹಿಡಿಸಿತು, ಪ್ರಳಯದ ಪ್ರಸ್ತಾಪ ಬೈಬಲಿನದಲ್ಲವೇ. ಜಿಲ್ಲೆಯ ಪತ್ರಿಕೆ "ಮೂರನೆಯ ಅಂಕದಲ್ಲಿ ಫ್ರೆಂಚ್ ಪ್ರತಿಭೆಯ ಶಿಖರ" ಎಂದು ಬರೆಯಿತು. ಪೋಸ್ಟ್‌ಮಾಸ್ಟರು ಅದನ್ನು ಕತ್ತರಿಸಿ ದುಪ್ರೇ ಮೇಷ್ಟ್ರಿಗೆ ಕಳಿಸಿದರು. ಮೇಷ್ಟ್ರಿಂದ ಒಂದೇ ಸಾಲಿನ ತಂತಿ ಬಂತು: "ಬಹಳ ಸಂತೋಷ." ಅದನ್ನು ಬರೆದುಕೊಂಡವಳು ಅಲೆಟ್ಟಾಳೇ. ಮೇಷ್ಟ್ರು ಯಾಕೆ ಏನೂ ಕೇಳಲಿಲ್ಲ ಎಂದು ಅವಳಿಗೆ ಅರ್ಥವಾಗಲಿಲ್ಲ. ಕೇಳುವ ದಿನ ಮುಂದಿದೆ ಎಂಬ ಭಯ ಮಾತ್ರ ಅಂದೇ ಹೊಕ್ಕಿತು.

ಆಮೇಲೆ ಆ ಮಾತು ಊರಿನ ಉಪ್ಪಾಯಿತು. ಹರಾಜಿನಲ್ಲಿ, ಹೆರಿಗೆ ಮನೆಯಲ್ಲಿ, ರೈಲು ಹೊರಡುವಾಗ, ಎಲ್ಲ ಕಡೆಯೂ ಅದೇ. ಡೊಮಿನಿ ಒಮ್ಮೆ ಶವಸಂಸ್ಕಾರದಲ್ಲಿ, ಸತ್ತ ಮುದುಕಿ ಸಾವಕಾಶದ ಸ್ವಭಾವದವಳು ಎನ್ನಲು ಅದನ್ನೇ ಹೇಳಿದರು. ಒಂದು ದಿನ ರಾಖೆಲ್ ಕಾಗದವೊಂದನ್ನು ಕೇಳಿಕೊಂಡು ಪೋಸ್ಟ್‌ಮಾಸ್ಟರ ಮುಂದೆ ನಿಂತಾಗ, ಅವರು ಬಟ್ಟಲು ಎತ್ತಿ, "ಮೊದ್ಲು ನನ್ನ ಕಾಫಿ ಮುಗೀಲಿ ರಾಖೆಲ್, ಆಮೇಲೆ ಪ್ರಳಯ ಆಗ್ಲಿ" ಎಂದು ಕಣ್ಣು ಮಿಟುಕಿಸಿದರು. "ಇದು ಫ್ರೆಂಚರ ಮಾತು, ನಿಂಗೆ ತಿಳಿಯಲ್ಲ."

"ಇಲ್ಲ ಬಾಸ್," ಎಂದಳು ರಾಖೆಲ್ ಮುಖ ಗಂಟಿಕ್ಕದೆ. "ಫ್ರೆಂಚರು ಬುದ್ಧಿವಂತರು."

ಹಲಗೆಯ ಹಿಂದೆ ಕೂತಿದ್ದ ಅಲೆಟ್ಟಾಳಿಗೆ ಕಿವಿಯವರೆಗೂ ಕೆಂಪೇರಿತು. ತಾನು ಹೇಳಿದ್ದು ಸುಳ್ಳು ಮಾತ್ರವಲ್ಲ, ಅದರಲ್ಲಿ ಕದ್ದ ಮಾಲೂ ಇದೆ ಎಂದು ಅವಳಿಗೆ ಅಂದು ಮೊದಲ ಬಾರಿ ಹೊಳೆಯಿತು. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು, ಹೇಳಿದರೆ ಕೆಲಸ ಹೋಗುತ್ತದೆ, ಚರ್ಚಿನಲ್ಲಿ ಮುಖವೆತ್ತುವ ಹಾಗಿಲ್ಲ ಎಂದು ಮುಚ್ಚಿದಳು.

೧೯೫೨ರಲ್ಲಿ ಶಾಲೆಯ ಉತ್ಸವಕ್ಕೆ ನಾಟಕ ಮತ್ತೆ ಆಯಿತು. ಊಮ್ ಸಾರೆಲ್‌ಗೆ ಆಗ ಎಪ್ಪತ್ತು, ಮರೆವು ಜಾಸ್ತಿ, ಅರ್ಧ ಪಾತ್ರವನ್ನು ಸಭೆಯೇ ಆಡಿತು. ೧೯೬೧ರಲ್ಲಿ ಕೇರಿಯ ಮಿಷನ್ ಹಾಲಿನಲ್ಲಿ ರಾಖೆಲ್‌ಳ ಜನವೇ ಅದನ್ನು ಆಡಿದರು, ಹಾಳೆಗಳನ್ನು ಯಾರಲ್ಲೂ ಕೇಳದೆ, ಕಿಟಕಿಯಿಂದ ಕೇಳಿ ಕಲಿತದ್ದರಲ್ಲೇ. ಫಾನೆಟ್ ಆಗಿದ್ದವಳು ರಾಖೆಲ್. ಬಿಳಿಯರ ಹೆಂಗಸು ಆ ಹಾಲಿಗೆ ಹೋದರೆ ಊರ ಬಾಯಿಗೆ ಬೀಳುತ್ತಾಳೆ, ಹಾಗಾಗಿ ಅಲೆಟ್ಟಾ ತಲೆಗೆ ವಸ್ತ್ರ ಕಟ್ಟಿಕೊಂಡು ಕಿಟಕಿಯ ಹೊರಗೆ, ಒಂದು ಪೆಟ್ಟಿಗೆಯ ಮೇಲೆ ನಿಂತು ನೋಡಿದಳು. ಅವರ ನಾಟಕದಲ್ಲಿ ಪ್ರೇಮಿಗಳು ಕೈ ಕುಲುಕಲಿಲ್ಲ, ಏಳು ಮುತ್ತುಗಳೂ ವಾಪಸು ಬಂದಿದ್ದವು. ರಾಖೆಲ್ ಕಾಫಿಯ ಮಾತು ಹೇಳಿದಾಗ, ಆ ಮಾತು ಇಷ್ಟು ವರ್ಷ ಬಾಡಿಗೆ ಮನೆಯಲ್ಲಿದ್ದು ಈಗ ಸ್ವಂತ ಮನೆಗೆ ಬಂದ ಹಾಗಿತ್ತು. ಅಲೆಟ್ಟಾ ಅತ್ತಳು, ಪೆಟ್ಟಿಗೆಯಿಂದ ಜಾರಿದಳು, ಮೂರು ವಾರ ಕುಂಟಿದಳು. ಕಾಲಿಗೆ ಏನಾಯಿತೆಂದು ಕೇಳಿದವರಿಗೆ "ಬಿದ್ದೆ" ಎಂದಳು. ಅದು ಸುಳ್ಳಲ್ಲ.

೧೯೭೧ರಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಊರಿಗೆ ನಂಬರನ್ನು ಜನ ತಾವೇ ತಿರುಗಿಸುವ ಟೆಲಿಫೋನು ಬರುತ್ತದೆ, ತಿಂಗಳ ಕೊನೆಗೆ ಎಕ್ಸ್‌ಚೇಂಜು ಮುಚ್ಚುತ್ತದೆ. ಮತ್ತು, ಈಗ ಪ್ರೊಫೆಸರ್ ಆಗಿರುವ ಗಿಡಿಯನ್ ದುಪ್ರೇಯವರ 'ನೋಟರಿಯ ವಿಗ್ಗು' ಅಚ್ಚಾಗಿದೆ, ನಗರದ ನಾಟಕ ಕಂಪನಿ ಅದನ್ನು ಊರೂರಿಗೆ ಒಯ್ಯುತ್ತಿದೆ, ನಾಟಕ ಮೊದಲು ಹುಟ್ಟಿದ ಡೋರಿಂಗ್‌ಫ್ಲೇಗೆ ಪ್ರೊಫೆಸರೇ ಖುದ್ದಾಗಿ ಬರುತ್ತಾರೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ, ಭಾನುವಾರದ ಗಡಿಗೆ ತಾಗಬಾರದೆಂದು. ಬೆಳಿಗ್ಗೆ ಉದ್ದ ಕೂದಲಿನ ನಿರ್ದೇಶಕನೊಬ್ಬ ಅಲೆಟ್ಟಾಳ ಮನೆಗೇ ಬಂದ.

"ಟಾನಿ ಅಲೆಟ್ಟಾ, ಅಲೆಟ್ಟಾ ಚಿಕ್ಕಮ್ಮ ಅಂತಾರಲ್ಲ, ನೀವೇ ತಾನೆ? ನಮ್ಮ ಮಾತು ಹೇಳಿಕೊಡೋ ಹುಡುಗಿಗೆ ದವಡೆ ಊದಿಕೊಂಡು ಹಿಂದಿನ ಊರಲ್ಲೇ ಉಳಿದಳು. ನೀವು ಈ ನಾಟಕಕ್ಕೆ ಮೊದಲಿಂದ ಕೂತೋರಂತೆ. ಇವತ್ತೊಂದಿನ ಕೂರ್ತೀರಾ?"

ಇಲ್ಲವೆನ್ನುವುದು ಅವಳಿಗೆ ಬರುತ್ತಿರಲಿಲ್ಲ, ಮೊದಲ ಸುಳ್ಳು ಹುಟ್ಟಿದ್ದೂ ಅದರಿಂದಲೇ. ಅಚ್ಚಾದ ಪುಸ್ತಕ ಕೈಗೆ ಬಂತು. ಮೂರನೆಯ ಅಂಕ ತೆರೆದಳು. ಅದರಲ್ಲಿ ಹಡಗಿನ ಕಪ್ತಾನನೊಬ್ಬ ಎಲ್ಲಿಂದಲೋ ಉದುರುತ್ತಾನೆ, ಪಿಟೀಲಿನ ಹುಡುಗನ ತಂದೆ ತಾನೇ ಎನ್ನುತ್ತಾನೆ, ಎಲ್ಲರಿಗೂ ಮದುವೆಯಾಗುತ್ತದೆ, ಫಾನೆಟ್‌ಳಿಗೂ ಒಬ್ಬ ಆಳನ್ನು ಕಟ್ಟುತ್ತಾರೆ. ರಸ್ಕಿಲ್ಲ. ಕಾಫಿಯಿಲ್ಲ. ಪ್ರಳಯವಂತೂ ಇಲ್ಲವೇ ಇಲ್ಲ.

ಅವಳು ಸೀದಾ ಟೌನ್‌ಹಾಲಿನ ಅಡುಗೆಕೋಣೆಗೆ ಹೋದಳು. ರಾಖೆಲ್ ನಾಟಕ ಮುಗಿದ ಮೇಲಿನ ಕಾಫಿಗೆಂದು ಬಟ್ಟಲು ಜೋಡಿಸುತ್ತಿದ್ದಳು.

"ರಾಖೆಲ್, ಇವತ್ತಿಗೆ ನನ್ನ ಕಥೆ ಮುಗೀತು. ನಿಜವಾದ ಮೂರನೇ ಅಂಕ ಬಂದುಬಿಟ್ಟಿದೆ."

"ಕೊನೆಗೂ ಬಂತಾ?" ಎಂದಳು ರಾಖೆಲ್. "ಅಂಚೆ ತುಂಬಾ ನಿಧಾನ ಮಿಸ್, ಇಪ್ಪತ್ತೆಂಟು ವರ್ಷ."

"ನಗಬೇಡ. ಊರೋರೆಲ್ಲ ಇರ್ತಾರೆ, ಮೇಷ್ಟ್ರು ಎದುರಿಗೇ ಕೂತಿರ್ತಾರೆ. ಇದು ನಾನು ಬರೆದಿದ್ದಲ್ಲ ಅಂತಾರೆ. ಹಾಗಾದ್ರೆ ಯಾರು ಬರೆದ್ರು ಅಂತ ಎಲ್ರೂ ನನ್ನ ಕಡೆ ತಿರುಗ್ತಾರೆ. ನಾನು ಅಂಚೆ ಬಂತು ಅಂದಿದ್ದೆ ರಾಖೆಲ್, ಅಂಚೆ ಕಚೇರಿಲಿ ಕೂತು!"

"ಹದಿನಾಲ್ಕು ಮನೇಲಿ ಇನ್ನೂ ಬದುಕಿರೋರು ನಾಲ್ಕು ಜನ," ಎಂದಳು ರಾಖೆಲ್. "ಅವರಿಗೂ ಕಿವಿ ಕೇಳ್ಸಲ್ಲ. ಈ ರಸ್ಕು ತಿನ್ನಿ, ಮುಖ ಬಿಳಿಚಿಕೊಂಡಿದೆ."

ಮೂರಕ್ಕೆ ಹಾಲು ತುಂಬಿತು. ಮೊದಲ ಸಾಲಿನಲ್ಲಿ ಪ್ರೊಫೆಸರ್, ಬೋಳುತಲೆ, ತೊಡೆಯ ಮೇಲೆ ಟೋಪಿ. ಆ ಟೋಪಿಯನ್ನು ಅವರು ತಿರುಗಿಸುತ್ತಲೇ ಇದ್ದರು. ಅಲೆಟ್ಟಾಳಿಗೆ ಪರದೆಯ ಸಂದಿನಿಂದ ಅದೊಂದೇ ಕಾಣುತ್ತಿತ್ತು. ಮೊದಲ ಎರಡು ಅಂಕ ಚೆನ್ನಾಗಿಯೇ ಹೋದವು, ಸಭೆ ತುಟಿ ಅಲ್ಲಾಡಿಸುತ್ತ ಜೊತೆಗೇ ಹೇಳಿಕೊಂಡಿತು. ವಿರಾಮವಿಲ್ಲದೆ ಮೂರನೆಯದು ಶುರುವಾಯಿತು. ಕಪ್ತಾನ ಮೀಸೆ ತಿರುವುತ್ತ ಬಂದ.

"ಇವನ್ಯಾರೋ?" ಎಂದರು ಹಿಂದಿನ ಸಾಲಿನಿಂದ.

"ತಪ್ಪು ನಾಟಕಕ್ಕೆ ಬಂದಿದ್ದಾನೆ, ಪಾಪ," ಎಂದಳು ಊಮ್ ಸಾರೆಲ್‌ನ ವಿಧವೆ, ತಾನು ಮೆಲ್ಲಗೆ ಹೇಳುತ್ತಿದ್ದೇನೆಂದು ತಿಳಿದುಕೊಂಡು.

ಕಪ್ತಾನ ತನ್ನ ಕಥೆ ತೆಗೆದ. ಬಿರುಗಾಳಿ, ಒಡೆದ ಹಡಗು, ಕಳೆದ ಮಗು. ಒಂದು ಕಾಲು ನೆಲಕ್ಕೆ ಬಡಿಯಿತು, ಇನ್ನೊಂದು ಬಡಿಯಿತು, ಹಾಲಿಗೆ ಹಾಲೇ ಬಡಿಯತೊಡಗಿತು. "ಕಾಫಿ! ಕಾಫಿ!" ಕಪ್ತಾನ ದನಿಯೇರಿಸಿದ. ಅವರೂ ಏರಿಸಿದರು. ಅವನು ಬೆದರಿ ಬೀರುವಿನ ಬಾಗಿಲು ತೆಗೆದು ಒಳಗೆ ಹೋದ. ರಂಗದ ನಡುವೆ ಉಳಿದವಳು ಫಾನೆಟ್ ಆಗಿದ್ದ ಹುಡುಗಿ ಒಬ್ಬಳೇ. ಅವಳಿಗೆ ತನ್ನ ಮಾತೂ ಮರೆತಿತ್ತು, ಊರೂ ಮರೆತಿತ್ತು. ಪರದೆಯ ಕಡೆ ತಿರುಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅಲೆಟ್ಟಾಳನ್ನು ನೋಡಿದಳು.

ಅಲೆಟ್ಟಾಳ ಬೆರಳು ಅಚ್ಚಾದ ಸಾಲಿನ ಮೇಲೆಯೇ ಇತ್ತು. ಅದನ್ನು ಓದಿದರೆ ಇವತ್ತಿನ ಮಟ್ಟಿಗೆ ಅವಳು ಬಚಾವು. ಹುಡುಗಿಯ ಕೆಳತುಟಿ ನಡುಗುತ್ತಿತ್ತು. ಅಲೆಟ್ಟಾ ಪುಸ್ತಕ ಮುಚ್ಚಿದಳು.

"ಯಜಮಾನನ ಕುರ್ಚಿ ಮೇಲೆ ಕೂತ್ಕೋ ಮಗಳೇ," ಎಂದು ಪಿಸುಗುಟ್ಟಿದಳು. "ಕಾಫಿ ಬೇಕು ಅನ್ನು."

ಹುಡುಗಿ ಕೂತಳು. "ಕಾಫಿ ಬೇಕು," ಎಂದಳು ಸಣ್ಣ ದನಿಯಲ್ಲಿ.

ಕಾಲು ಬಡಿತ ತಟ್ಟನೆ ನಿಂತಿತು. ಆದರೆ ಕಾಫಿ ಎಲ್ಲಿಂದ ಬರಬೇಕು? ನಗರದ ಕಂಪನಿಯ ಸಾಮಾನಿನಲ್ಲಿ ಕಪ್ತಾನನ ಕತ್ತಿ ಇತ್ತು, ಕಾಫಿ ಬಟ್ಟಲಿರಲಿಲ್ಲ. ಅಷ್ಟರಲ್ಲಿ ಅಡುಗೆಕೋಣೆಯ ಕಡೆಯ ಬಾಗಿಲು ತೆರೆಯಿತು. ರಾಖೆಲ್, ಬಿಳಿ ಏಪ್ರನ್ನು ಕಟ್ಟಿಕೊಂಡು, ತಟ್ಟೆಯಲ್ಲಿ ಹಬೆಯಾಡುವ ಕಾಫಿ ಮತ್ತು ಎರಡು ರಸ್ಕು ಹಿಡಿದುಕೊಂಡು, ರಂಗದ ಮೇಲೆ ಬಂದಳು. ಕೈಯಲ್ಲಿ ತಟ್ಟೆ ಇತ್ತಲ್ಲ, ಕಟ್ಟಳೆ ಮುರಿದಂತಾಗಲಿಲ್ಲ. ತಟ್ಟೆಯನ್ನು ಹುಡುಗಿಯ ಮುಂದಿಟ್ಟು ಪಕ್ಕದಲ್ಲೇ ನಿಂತಳು.

ಬೀರುವಿನೊಳಗಿನಿಂದ, ಬಾಗಿಲ ಹಿಂದಿನಿಂದ, ಉಳಿದ ನಟರು ಏನೂ ತೋಚದೆ ಫಾನೆಟ್‌ಳನ್ನು ಕರೆಯುವ ಗಂಟೆ ಹೊಡೆದರು. ಒಂದು, ಎರಡು, ಮೂರು. ಹುಡುಗಿ ಅಲೆಟ್ಟಾಳ ಕಡೆ ನೋಡಿದಳು. ಅಲೆಟ್ಟಾ ಬಾಯಿ ತೆರೆದಳು, ಆ ಮಾತು ತನ್ನದಲ್ಲವೆಂದು ಮುಚ್ಚಿದಳು, ರಾಖೆಲ್ ಕಡೆ ತಿರುಗಿದಳು. ಆಗ ರಾಖೆಲ್ ರಸ್ಕು ಎತ್ತಿ, ಕಾಫಿಯಲ್ಲಿ ಅದ್ದಿ, ಹೊರಗೆ ಕಿಟಕಿಯಲ್ಲಿ ನಿಂತ ತನ್ನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಮೊದ್ಲು ನನ್ನ ಕಾಫಿ ಮುಗೀಲಿ. ಆಮೇಲೆ ಬೇಕಾದ್ರೆ ಪ್ರಳಯ ಆಗ್ಲಿ."

ಮುಂದಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ಪರದೆ ಬಿತ್ತು, ಮತ್ತೆ ಎದ್ದಿತು, ಜನ ಕುರ್ಚಿ ಬಡಿದರು. ಇದೆಲ್ಲ ತನ್ನ ಹೊಸ ಪ್ರಯೋಗ ಎಂದು ನಿರ್ದೇಶಕ ಆಗಲೇ ಒಬ್ಬಿಬ್ಬರಿಗೆ ಹೇಳತೊಡಗಿದ್ದ. ರಾಖೆಲ್ ತಟ್ಟೆ ಎತ್ತಿಕೊಂಡು ಬಂದ ಬಾಗಿಲಿನಿಂದಲೇ ಹೋದಳು.

ಪ್ರೊಫೆಸರ್ ಪರದೆಯ ಹಿಂದೆ ಬಂದಾಗ ಅಲೆಟ್ಟಾ ಎದ್ದು ನಿಂತಳು.

"ಮೇಷ್ಟ್ರೇ, ನಾನೇ. ಅಂಚೆ ಬಂದಿರ್ಲಿಲ್ಲ. ಬಂತು ಅಂದೆ."

"ಗೊತ್ತಮ್ಮ," ಎಂದರು ಪ್ರೊಫೆಸರ್. ಟೋಪಿ ಇನ್ನೂ ತಿರುಗುತ್ತಲೇ ಇತ್ತು. "ಕಳಿಸದೇ ಇದ್ದೋನು ನಾನಲ್ವಾ? ಪತ್ರಿಕೆಯೋರು ಮೂರನೇ ಅಂಕ ಹೊಗಳಿದ್ದು ಓದಿ ಬೆವರಿದೆ. ಬರೆದಿದ್ದು ನಾನಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಸಂತೋಷ ಅಂತ ತಂತಿ ಕೊಟ್ಟೆ. ಕಾಲೇಜಲ್ಲಿ ಎಲ್ರೂ ಆ ಕಾಫಿ ಮಾತು ಹೇಳಿ ನನ್ನ ಬೆನ್ನು ತಟ್ಟೋರು, ನಾನು ತಲೆಯಾಡಿಸ್ತಿದ್ದೆ. ಈ ಊರಿಗೆ ಬರೋಕೆ ಇಷ್ಟು ವರ್ಷ ಹೆದರಿದ್ದು ನಾನು."

"ನಾನು ನೀವು ಬರ್ತೀರಿ ಅಂತ ಹೆದರಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ನಗು ಮೊದಲು ಬಂದದ್ದು ಅಲೆಟ್ಟಾಳಿಗೆ. ಎದೆಯ ಮೇಲಿನ ಕಲ್ಲು ಉರುಳಿದವಳಿಗೆ ನಗು ನಿಲ್ಲಲೇ ಇಲ್ಲ, ಮೂಗು ಒರೆಸಿಕೊಂಡು ನಕ್ಕಳು.

"ಇನ್ನೊಂದು ಸಲ ಅಚ್ಚು ಹಾಕಿಸ್ತೀನಿ," ಎಂದರು ಪ್ರೊಫೆಸರ್. "ಮೂರನೇ ಅಂಕ ಅಲೆಟ್ಟಾ ಫೂಶೇ ಅಂತ ಹೆಸರು ಹಾಕಿ. ಅದರಲ್ಲೂ ಆ ಕಾಫಿ ಮಾತು! ಅದೊಂದು ನಿಂಗೆ ಹೇಗೆ ಹೊಳೀತಮ್ಮಾ?"

ಅಲೆಟ್ಟಾಳ ನಗು ನಿಂತಿತು. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು, ಎದುರಿಗಿದ್ದವರು ಇಪ್ಪತ್ತೆಂಟು ವರ್ಷ ಮಾಡಿದ್ದೂ ಅದನ್ನೇ.

"ಉಳಿದಿದ್ದು ನಂದು. ಅದು ನಂದಲ್ಲ," ಎಂದಳು. "ಬನ್ನಿ, ಯಾರದು ಅಂತ ತೋರಿಸ್ತೀನಿ."

ಅಡುಗೆಕೋಣೆಯಲ್ಲಿ ರಾಖೆಲ್ ಒಬ್ಬಳೇ ಇದ್ದಳು. ತಲೆಕೆಳಗಾದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ರಂಗದಿಂದ ತಂದ ಅದೇ ಕಾಫಿಗೆ ಅದೇ ರಸ್ಕಿನ ಉಳಿದ ತುಂಡನ್ನು ಅದ್ದುತ್ತಿದ್ದಳು.

"ರಾಖೆಲ್, ಇವರು ಪ್ರೊಫೆಸರ್ ದುಪ್ರೇ," ಎಂದಳು ಅಲೆಟ್ಟಾ. "ಆ ಮಾತು ನಿಂದು ಅಂತ ಹೇಳೋಕೆ ಕರ್ಕೊಂಡು ಬಂದೆ. ಪುಸ್ತಕದಲ್ಲಿ ನಿನ್ನ ಹೆಸರು ಬರ್ಬೇಕು. ನಾನು ಆವತ್ತೇ ಹೇಳ್ಬೇಕಿತ್ತು."

ಆ ಕಾಲದಲ್ಲಿ, ಆ ಊರಿನಲ್ಲಿ, ಬಿಳಿಯ ಪ್ರೊಫೆಸರೊಬ್ಬರು ಬಾಗಿಲಲ್ಲಿ ಬಂದು ನಿಂತರೆ ರಾಖೆಲ್‌ಳಂಥವಳು ಬಟ್ಟಲು ಕೆಳಗಿಟ್ಟು ಏಳಬೇಕು. ರಾಖೆಲ್ ಅವರನ್ನು ನೋಡಿದಳು, ಅಲೆಟ್ಟಾಳನ್ನು ನೋಡಿದಳು, ಬಟ್ಟಲಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ನೋಡಿದಳು. ಏಳಲಿಲ್ಲ. ರಸ್ಕು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯತೊಡಗಿದಳು.

ಪ್ರೊಫೆಸರ್ ಟೋಪಿ ತಿರುಗಿಸುವುದನ್ನು ನಿಲ್ಲಿಸಿದರು. ಅಲೆಟ್ಟಾ ಗೋಡೆಗೆ ಒರಗಿದಳು. ಇಬ್ಬರೂ ಅಲ್ಲೇ ನಿಂತು, ಅವಳ ಕಾಫಿ ಮುಗಿಯುವವರೆಗೆ ಕಾದರು.